ವೀಸಾದಲ್ಲಿ ಏನೂ ತಪ್ಪಿರಲಿಲ್ಲ

ಕಳೆದ ತಿಂಗಳು ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುತ್ತಿದ್ದೆ. ತೋಡಾರು ದಾಟುವಾಗ ಬಸ್ಸು ಯಾಕೋ ನಿಂತಿತು. ರಸ್ತೆ ಬದಿಯ ಮೈದಾನದಲ್ಲಿ ಸುಣ್ಣದಿಂದ ದೊಡ್ಡ ವೃತ್ತ ಬರೆದಿದ್ದರು. ಯಾರೋ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬಂದಿಳಿಯುವುದಿತ್ತಂತೆ. ಮೈದಾನದ ಮೂಲೆಯ ಕಂಬಕ್ಕೆ ಕಿತ್ತಳೆ-ಬಿಳಿ ಪಟ್ಟೆಯ ಬಟ್ಟೆಯ ಚೀಲವೊಂದನ್ನು ಕಟ್ಟಿದ್ದರು. ಎರಡೂ ತುದಿ ತೆರೆದ ಆ ಉದ್ದನೆಯ ಚೀಲ ಗಾಳಿ ತುಂಬಿಕೊಂಡು ಅಡ್ಡಕ್ಕೆ ಹಾರುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿ ಅದೇನೆಂದು ತಾಯಿಯನ್ನು ಕೇಳಿದಳು. ತಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಇಳಿಯುವವರಿಗೆ ತೋರಿಸುವ ಚೀಲ ಅದು. ಹೇಳಲೆಂದು ಬಾಯಿ ತೆರೆದವಳು ಕಿಟಕಿಯ ಕಡೆ ತಿರುಗಿ ಕೂತೆ...

ಅಂಥದ್ದೇ ಒಂದು ಚೀಲ ನಮ್ಮ ಪಕ್ಕದ ಮನೆಯ ಅಂಗಳದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾರಾಡಿತ್ತು. ಮಳೆಗಾಲದಲ್ಲಿ ಹರಿದರೆ ಆ ಮನೆಯ ಯಜಮಾನರೇ ಹೊಲಿಗೆ ಯಂತ್ರದ ಮುಂದೆ ಕೂತು, ಹಳೆಯ ಕೊಡೆಯ ಬಟ್ಟೆ ತಂದು ಹೊಸತು ಹೊಲಿಯುತ್ತಿದ್ದರು. ಗಂಡಸರು ಹೊಲಿಗೆಗೆ ಕೂತದ್ದನ್ನು ನಮ್ಮ ಕಡೆ ಅಂಗಡಿಯಲ್ಲಿ ನೋಡಿದ್ದೆ, ಮನೆಯಲ್ಲಿ ನೋಡಿರಲಿಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಊರಿನವರು ಮಿಲಿಟ್ರಿಯವರು ಎನ್ನುತ್ತಿದ್ದರು. ಮಿಲಿಟ್ರಿ ಅಲ್ಲ, ನೇವಿ ಎಂದು ಅವರು ಪ್ರತಿ ಸಲವೂ ತಾಳ್ಮೆಯಿಂದ ತಿದ್ದುತ್ತಿದ್ದರು. ನೇವಿಯಲ್ಲಿ ಹಡಗು ತಾನೇ ಇರುವುದು, ವಿಮಾನ ಎಲ್ಲಿಂದ ಬಂತು ಎಂದು ಗುರುವಾಯನಕೆರೆಯ ಹೋಟೆಲಿನಲ್ಲಿ ಯಾರಾದರೂ ಕೇಳಿದರೆ, ಮೇಜಿನ ಮೇಲೆ ನೀರು ಚೆಲ್ಲಿ, ಅದರಲ್ಲಿ ಬಸಿಯೊಂದನ್ನು ಹಡಗಾಗಿ ಇಟ್ಟು, ಬೆಂಕಿಪೊಟ್ಟಣವನ್ನು ಹೆಲಿಕಾಪ್ಟರ್ ಮಾಡಿ ಇಳಿಸಿ ತೋರಿಸುತ್ತಿದ್ದರಂತೆ. ಓಲಾಡುವ ಹಡಗಿನ ಮೇಲೆ ಇಳಿಯುವುದು ಹೇಗೆಂದರೆ, ಹಡಗು ಉಸಿರು ಬಿಡುವ ತನಕ ಕಾಯಬೇಕು ಎನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ನನ್ನ ತಮ್ಮ. ಅವನಿಗೆ ಬಾಡಿಗೆಗೆ ಓಡಿಸುವ ಒಂದು ಓಮ್ನಿ ವ್ಯಾನು ಇತ್ತು.

ನಾನು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮವರು, ನನ್ನ ಗಂಡ, ಇಪ್ಪತ್ತೆಂಟು ವರ್ಷ ಗಲ್ಫಿನಲ್ಲಿದ್ದರು. ಗುರುವಾಯನಕೆರೆಯಿಂದ ಅಳದಂಗಡಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಅದರ ಪಕ್ಕದ ಜಾಗವನ್ನು ಕೊಂಡು ಮನೆ ಕಟ್ಟಿಸಿದಾಗ ಅಣ್ಣ ಇನ್ನೂ ನೌಕರಿಯಲ್ಲಿದ್ದರು. ಮಗಳು ಎಂಟನೇ ತರಗತಿಗೆ ಬಂದಿದ್ದಳು. ಕೊಚ್ಚಿ, ಗೋವಾ, ವಿಶಾಖಪಟ್ಟಣ ಎಂದು ಊರೂರು ಶಾಲೆ ಬದಲಿಸಿದ ಮಗುವಿಗೆ ಇನ್ನಾದರೂ ಒಂದೇ ಕಡೆ ಓದು ಸಿಗಲಿ ಎಂದು ತಾಯಿ-ಮಗಳನ್ನು ಇಲ್ಲಿ ಬಿಟ್ಟು ಅವರು ಮರಳಿದರು. ಹುಡುಗಿ ನನ್ನ ತರಗತಿಗೇ ಸೇರಿದಳು. ಅವಳ ಪುಸ್ತಕಗಳಿಗೆ ಎಲ್ಲರ ಹಾಗೆ ಕಂದು ಕಾಗದದ ಬೈಂಡ್ ಇರಲಿಲ್ಲ. ಉಪಯೋಗಕ್ಕಿಲ್ಲದ ಹಳೆಯ ಸಮುದ್ರ ನಕ್ಷೆಗಳನ್ನು ಕತ್ತರಿಸಿ ಅಪ್ಪ ಹೊದಿಸಿದ್ದರು. ಕನ್ನಡ ಪಠ್ಯದ ಮೇಲೆ ತೆಳು ನೀಲಿ ನೀರು, ಅದರ ತುಂಬ ಆಳ ತೋರಿಸುವ ಸಣ್ಣ ಸಣ್ಣ ಅಂಕೆಗಳು.

ವಾರಕ್ಕೆ ಎರಡು ಕಾಗದ ಬರೆಯುತ್ತಿದ್ದರು, ಅದೂ ಕನ್ನಡದಲ್ಲಿ. ಊರು ಬಿಟ್ಟು ಇಪ್ಪತ್ತು ವರ್ಷವಾಗಿದ್ದ ಮನುಷ್ಯ. ಒತ್ತಕ್ಷರ, ದೀರ್ಘ ಎಲ್ಲ ತಪ್ಪು. ಅಪ್ಪನೇ ಹೇಳಿದ್ದರಂತೆ, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸು ಎಂದು. ತನಗೆ ಸಂದೇಹ ಬಂದ ಕಡೆ ಹುಡುಗಿ ಕಾಗದವನ್ನು ನನ್ನ ಹತ್ತಿರ ತರುತ್ತಿದ್ದಳು. ತಿದ್ದಿದ್ದನ್ನು ಅವರು ಹತ್ತು ಸಲ ಬರೆದು ಮುಂದಿನ ಕಾಗದದೊಂದಿಗೆ ಕಳಿಸುತ್ತಿದ್ದರು. ರಜೆಗೆ ಬಂದರೆ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕಿ ಕಳಿಸುವುದು ಅವರದೇ ಕೆಲಸ. ಆ ಜಡೆಗಳು ಹಗ್ಗ ಹೊಸೆದ ಹಾಗೆ ಬಿಗಿಯಾಗಿರುತ್ತಿದ್ದವು, ಸಂಜೆಯವರೆಗೆ ಒಂದು ಕೂದಲು ಆಚೀಚೆ ಆಗುತ್ತಿರಲಿಲ್ಲ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ನಗುತ್ತಾ ಹೇಳುತ್ತಿದ್ದರು, ನಮ್ಮಲ್ಲಿ ಗಂಡ ಮನೆಗೆ ಬಂದರೆ ಹೆಂಡತಿಗೆ ರಜೆ ಎಂದು.

ಇಪ್ಪತ್ತಾರು ವರ್ಷ ಹಾರಿ, ನಿವೃತ್ತರಾಗಿ ಬಂದರು. ಬಂದ ಮೇಲೆ ಎಲ್ಲಿಗೂ ಹಾರಲಿಲ್ಲ. ಅದನ್ನು ಆಗ ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ದೆಹಲಿಯಲ್ಲಿ ಯಾವುದೋ ಹಳೆಯ ಸಹೋದ್ಯೋಗಿಯ ಮಗನ ಮದುವೆಗೆ ಮೂರು ದಿನ ರೈಲಿನಲ್ಲಿ ಹೋಗಿ ಬಂದಾಗ, ದುಂದು ಮಾಡದ ಮನುಷ್ಯ ಎಂದುಕೊಂಡೆ ಅಷ್ಟೇ. ನಮ್ಮವರು ಎರಡು ವರ್ಷಕ್ಕೊಮ್ಮೆ ಹಾರಿ ಬರುತ್ತಿದ್ದರು, ಹಾರಿ ಹೋಗುತ್ತಿದ್ದರು. ಪ್ರತಿ ಸಲ ಹೊರಡುವ ಮೊದಲು ಅಣ್ಣ ನಮ್ಮ ಜಗಲಿಗೆ ಬಂದು ಕೂತು, ಮೇಲೇರುವಾಗ ಕಿವಿ ಕಟ್ಟಿದರೆ ಏನು ಮಾಡಬೇಕು, ಯಾವ ಬದಿಯ ಕಿಟಕಿಯಲ್ಲಿ ಕರಾವಳಿ ಕಾಣುತ್ತದೆ ಎಂದೆಲ್ಲ ವಿವರಿಸುತ್ತಿದ್ದರು. ಹಾಗಿದ್ದ ಮೇಲೆ ಸಂದೇಹ ಎಲ್ಲಿಂದ ಬರಬೇಕು?

ಮಗಳ ಮದುವೆಯಾಯಿತು. ಅಳಿಯನಿಗೆ ಮಸ್ಕತ್ತಿನಲ್ಲಿ ಕೆಲಸ. ಮೂರು ವರ್ಷದ ಮೇಲೆ ಅವಳು ಬಸುರಿಯಾದಳು. ಅಣ್ಣ ಹೊಲಿಗೆ ಯಂತ್ರದ ಮುಂದೆ ಕೂತರು. ನನ್ನ ಹತ್ತಿರ ಇದ್ದ ಮೆತ್ತನೆಯ ಹಳೆಯ ಹತ್ತಿ ಸೀರೆಯೊಂದನ್ನು ಕೇಳಿ ಪಡೆದರು. ಅಂಗೈಯಷ್ಟು ಅಂಗಿಗಳು, ಗುಂಡಿ ಇಲ್ಲದೆ ಪಕ್ಕದಲ್ಲಿ ಲಾಡಿ ಕಟ್ಟುವಂಥವು... ಹೊಲಿಗೆಯ ಅಂಚು ಮಗುವಿನ ಮೈಗೆ ತಾಗಬಾರದೆಂದು ಹೊರಗಿಟ್ಟು ಹೊಲಿದಿದ್ದರು.

ಅಣ್ಣನಿಗೂ ಅಕ್ಕನಿಗೂ ಒಟ್ಟಿಗೇ ವೀಸಾ ಬಂತು. ಏಳನೇ ತಿಂಗಳಿನಲ್ಲೇ ಮಗಳು ಮಲಗಿಯೇ ಇರಬೇಕೆಂದು ವೈದ್ಯರು ಹೇಳಿದ್ದರಿಂದ ಅಕ್ಕ ಮೊದಲು ಹೊರಟರು. ಹೆರಿಗೆ ಹತ್ತಿರವಾಗಲಿ, ಬರುತ್ತೇನೆ ಎಂದರು ಅಣ್ಣ. ಅಕ್ಕ ಹೋಗಿ ಒಂದು ವಾರವಾಗಿತ್ತಷ್ಟೆ, ಫೋನು ಬಂತು. ಮಗು ಅವಸರದಲ್ಲಿ ಹುಟ್ಟಿತ್ತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಗಳಿಗೂ ರಕ್ತ ಬಹಳ ಹೋಗಿತ್ತು. ಅಪ್ಪ ಬರಲಿ ಎಂದು ಕೇಳುತ್ತಿದ್ದಾಳೆ ಎಂದು ಅಳಿಯ ಮರುದಿನಕ್ಕೇ ಟಿಕೆಟು ಮಾಡಿಸಿದ.

ತಮ್ಮನ ಓಮ್ನಿಯಲ್ಲಿ ಹೊರಟೆವು. ಮನೆಯಲ್ಲಿ ಅವರನ್ನು ಕಳಿಸಲು ಬೇರೆ ಯಾರೂ ಇರಲಿಲ್ಲವೆಂದು ನಾನೂ ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ವೇಣೂರು, ಮೂಡುಬಿದಿರೆ, ಕೈಕಂಬ, ಬಜ್ಪೆ. ದಾರಿಯುದ್ದಕ್ಕೂ ಅವರು ಮಾತಾಡಿದರು. ಅದು ಅವರ ಸ್ವಭಾವವಲ್ಲ. ರಸ್ತೆ ಬದಿಯ ಮೋರಿಯ ಬಗ್ಗೆ, ತಮ್ಮನ ಗಾಡಿಯ ಗೇರಿನ ಸದ್ದಿನ ಬಗ್ಗೆ, ಮಗುವಿಗೆ ಇಡಬಹುದಾದ ಹೆಸರುಗಳ ಬಗ್ಗೆ. ಕೈಯಲ್ಲಿ ಒಂದೇ ಒಂದು ಚೀಲ. ಬೇರೆ ಸಾಮಾನು ಬೇಡ, ಇಳಿದ ಕೂಡಲೇ ನಡೆಯಬಹುದು ಎಂದಿದ್ದರು.

ಬಜ್ಪೆಯ ನಿಲ್ದಾಣದಿಂದ ಮಧ್ಯಾಹ್ನದ ವಿಮಾನ. ಬಾಗಿಲಲ್ಲಿ ಟಿಕೆಟು ತೋರಿಸಿ ಒಳಗೆ ಹೋದರು. ವಿಮಾನ ಏರುವವರೆಗೆ ಇರುವ ಎಂದು ತಮ್ಮ ಹೇಳಿದ. ನಮ್ಮವರನ್ನು ಕಳಿಸಿದಾಗಲೆಲ್ಲ ಹಾಗೆ ಇರುವುದು ನಮಗೆ ರೂಢಿ. ಹೊರಗೆ ಗಲ್ಫಿಗೆ ಹೋಗುವವರ ಮನೆಮಂದಿ ಗುಂಪುಗುಂಪಾಗಿ ನಿಂತಿದ್ದರು. ಸುಮಾರು ಮುಕ್ಕಾಲು ಗಂಟೆ ಕಳೆದಿರಬಹುದು. ಅದೇ ಬಾಗಿಲಿನಿಂದ ಅಣ್ಣ ಹೊರಗೆ ಬಂದರು. ಪಕ್ಕದಲ್ಲಿ ಒಬ್ಬ ಭದ್ರತಾ ಸಿಬ್ಬಂದಿ, ಹಿರಿಯರನ್ನು ರಸ್ತೆ ದಾಟಿಸುವವನ ಹಾಗೆ ಅವರ ಮೊಣಕೈ ಹಿಡಿದಿದ್ದ. ಅಣ್ಣ ಅವನಿಗೆ ವಂದನೆ ಹೇಳಿ ನಮ್ಮ ಕಡೆ ನಡೆದು ಬಂದರು. ಹೆಜ್ಜೆ ಯಾವತ್ತಿನ ಹಾಗೆಯೇ ನೆಟ್ಟಗಿತ್ತು. ಮುಖ ಮಾತ್ರ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು.

"ಎಂತ ಆಯ್ತು ಅಣ್ಣ? ವಿಮಾನ ತಡವಾ?" ಎಂದು ಕೇಳಿದೆ.

"ಇಲ್ಲ ಟೀಚರೇ. ವಿಮಾನ ಉಂಟು." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಹೋಗುವ. ಮನೆಗೆ ಹೋಗುವ."

ನಮಗೆ ಏನೂ ಅರ್ಥವಾಗಲಿಲ್ಲ. ಮೈಗೆ ಸರಿ ಇಲ್ಲವಾ ಎಂದು ತಮ್ಮ ಕೇಳಿದ. ಸರಿ ಇದೆ ಎಂದರು. ವೈದ್ಯರ ಹತ್ತಿರ ಹೋಗುವ ಎಂದ. ಬೇಡ ಎಂದರು. ಕೈಕಂಬ ಬಂತು. ಆಮೇಲೆ ಅವರೇ, ಯಾರೂ ಕೇಳದೆ, ತಾನು ಇಪ್ಪತ್ತಾರು ವರ್ಷ ಹಾರಿದ್ದೇನೆ, ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಹೋಗಲಿಕ್ಕೆ ಮಾತ್ರ ತನಗೆ ಗೊತ್ತಿಲ್ಲ ಎಂದರು. ಹೆದರಿಕೆಯಾ ಎಂದು ತಮ್ಮ ಮೆಲ್ಲನೆ ಕೇಳಿದ. ಹೆದರಿಕೆ ಅಲ್ಲ ಎಂದರು. ಮತ್ತೆ ಒಂದು ಮೈಲು ಹೋದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ಅವಳಿಗೋಸ್ಕರ ಅಂತ ಒಂದು ಸಲ ನಾನು..." ಎಂದು ಶುರು ಮಾಡಿದರು. ಅಷ್ಟರಲ್ಲಿ ಎದುರಿನಿಂದ ಲಾರಿ ಬಂತು, ತಮ್ಮ ಗಾಡಿಯನ್ನು ಬದಿಗೆ ಎಳೆದ. ಮಾತು ಅಲ್ಲಿಗೇ ನಿಂತಿತು. ನಾನು ಮುಂದೆ ಕೇಳಲಿಲ್ಲ.

ವೇಣೂರಿನ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದರು. ಇಳಿದು ಹೊಳೆಯನ್ನು ನೋಡುತ್ತಾ ನಿಂತರು. ವಾಪಸು ಬಂದವರು ಗಾಡಿಯ ಬಾಗಿಲು ಹಿಡಿದುಕೊಂಡು ನನ್ನ ಜೊತೆ ಮಾತಾಡಿದರು.

"ವೀಸಾದಲ್ಲಿ ಏನೋ ತಪ್ಪುಂಟು, ಬಿಡಲಿಲ್ಲ ಅಂತ ಹೇಳ್ತೇನೆ ಅವರಿಗೆ. ನಿಮ್ಮ ಹತ್ರ ಕೇಳಿದ್ರೆ ನೀವೂ ಹಾಗೇ ಹೇಳಿ. ಇದೊಂದು ಮಾಡಿ ಟೀಚರೇ."

ಸುಳ್ಳು ಹೇಳಿದ ಮಕ್ಕಳನ್ನು ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಆಯಿತು ಎಂದು ತಲೆಯಾಡಿಸಿದೆ. ಸಂಜೆ ಅಕ್ಕ ನಮ್ಮ ಮನೆಗೇ ಫೋನು ಮಾಡಿದರು. ಅವರ ದನಿ ಒಡೆದುಹೋಗಿತ್ತು. ವೀಸಾದ ಕಾಗದದಲ್ಲಿ ಹೆಸರಿನ ಅಕ್ಷರ ಏನೋ ತಪ್ಪಾಗಿದೆಯಂತೆ, ನಾನೂ ಅಲ್ಲೇ ಇದ್ದೆ ಎಂದು ಹೇಳಿದೆ. ಅಕ್ಷರ ಎಂಬುದನ್ನು ನಾನೇ ಸೇರಿಸಿದೆ. ಅಣ್ಣ ಅಷ್ಟು ಹೇಳಿಕೊಟ್ಟಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅಣ್ಣ ತಮ್ಮನನ್ನು ಕರೆದುಕೊಂಡು ಪಣಂಬೂರಿಗೆ ಹೋದರು. ಮಸ್ಕತ್ತಿಗೆ ಹೋಗುವ ಹಡಗು ಉಂಟಾ ಎಂದು ಬಂದರಿನ ಒಂದೊಂದೇ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿದರಂತೆ. ಸರಕಿನ ಹಡಗಿನಲ್ಲಿ ಪ್ರಯಾಣಿಕರನ್ನು ಒಯ್ಯುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಕೇಳಿದರು. ಒಬ್ಬ ಗುಮಾಸ್ತ, ಅವರು ಯಾರೆಂದು ತಿಳಿದು, ಎದ್ದು ನಿಂತು ಕುರ್ಚಿ ಕೊಟ್ಟನಂತೆ. ವಿಮಾನದಲ್ಲಿ ಹೋದರೆ ಮೂರು ಗಂಟೆಯ ದಾರಿ ತಾನೇ ಸರ್ ಎಂದನಂತೆ. ಅಣ್ಣ ಹೌದು ಎಂದು ಹೇಳಿ, ನೀರು ಕುಡಿದು, ಎದ್ದು ಬಂದರಂತೆ. ಮಾರಾಯ್ತಿ, ಆ ಮನುಷ್ಯನನ್ನು ನೋಡಿ ನನಗೆ ಅಳು ಬಂತು ಎಂದು ತಮ್ಮ ಅವತ್ತು ನನಗೆ ಹೇಳಿದ್ದ.

ಮಗು ಒಂಬತ್ತು ದಿನ ಬದುಕಿತು.

ಸುದ್ದಿ ಬಂದಾಗ ನಾನು ಅವರ ಮನೆಯ ಜಗಲಿಯಲ್ಲೇ ಇದ್ದೆ. ಫೋನು ಕೆಳಗಿಟ್ಟು, ಒಳಗೆ ಹೋಗಿ, ಹೊಲಿಗೆ ಯಂತ್ರಕ್ಕೆ ಅದರ ಮುಚ್ಚಳ ಹಾಕಿ ಬಂದು ಕೂತರು. ನಾವು ಮುಸ್ಲಿಮರು ಸಾವಿನ ಸುದ್ದಿಗೆ ಹೇಳುವ ಮಾತನ್ನು ನಾನು ಮೆಲ್ಲನೆ ಹೇಳಿಕೊಂಡೆ. ಅವರಿಗೆ ಕೇಳಿಸಿತು. ಅದರ ಅರ್ಥ ಏನೆಂದು ಕೇಳಿದರು. ಎಲ್ಲರೂ ದೇವರಿಗೇ ಸೇರಿದವರು, ಅವನ ಕಡೆಗೇ ಮರಳುವವರು ಎಂದೆ.

ವೀಸಾದಲ್ಲಿ ಏನೂ ತಪ್ಪಿರಲಿಲ್ಲ. ವೀಸಾ ಮಾಡಿಸಿದ ಅಳಿಯನಿಗೆ ಅದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮಗಳಿಗೂ ಗೊತ್ತಾಯಿತು. ಅಪ್ಪನಿಗೆ ಬರಲು ಮನಸ್ಸಿರಲಿಲ್ಲ, ಮನೆಯಿಂದಲೇ ಹೊರಡಲಿಲ್ಲ, ಟೀಚರ್ ಕೂಡ ಅವರ ಜೊತೆ ಸೇರಿ ಸುಳ್ಳು ಹೇಳಿದರು ಎಂದು ಅವಳು ತೀರ್ಮಾನಿಸಿದಳು. ಅಕ್ಕ ಮರಳಿ ಬಂದು ಗಂಡನನ್ನು ಕೇಳಿದರಂತೆ. ಕಿವಿಯ ತೊಂದರೆ, ಹಾರಬಾರದೆಂದು ನೇವಿಯ ಡಾಕ್ಟರು ಹಿಂದೆಯೇ ಹೇಳಿದ್ದರು ಎಂದರಂತೆ. ಹಾಗಾದರೆ ಅದನ್ನೇ ಹೇಳಬಹುದಿತ್ತಲ್ಲ ಎಂದು ಅಕ್ಕ ನನ್ನ ಹತ್ತಿರ ಕೇಳಿದರು. ಮಗಳಿಗೆ ವೀಸಾ, ಹೆಂಡತಿಗೆ ಕಿವಿ, ನನಗೆ ಹಿಂದಿನ ಸೀಟು. ಇವುಗಳಲ್ಲಿ ಯಾವುದು ನಿಜ? ಅಥವಾ ಯಾವುದೂ ನಿಜವಲ್ಲವೇ?

ಮಗಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತೇನೋ. ವರ್ಷಕ್ಕೊಮ್ಮೆ ಬಂದಳು, ಅಪ್ಪನ ಔಷಧ ತಂದಳು, ಬಟ್ಟೆ ತಂದಳು, ಆ ಒಂದು ವಿಷಯ ಬಿಟ್ಟು ಉಳಿದೆಲ್ಲ ಮಾತಾಡಿದಳು. ನನ್ನನ್ನು ಕಂಡರೆ ನಮಸ್ಕಾರ ಟೀಚರ್ ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಎರಡನೆಯ ಹೆರಿಗೆಗೆ ಮಾತ್ರ ಊರಿಗೇ ಬಂದಳು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅಣ್ಣ ಆರು ದಿನ ಮನೆಗೇ ಬರಲಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲೇ ಊಟ, ಅಲ್ಲೇ ನಿದ್ದೆ. ಗಂಡು ಮಗುವನ್ನು ಕೈಗೆ ಕೊಟ್ಟಾಗ ಅವರು ನಿಂತಲ್ಲಿಂದ ಅಲುಗಾಡದೆ, ಮಗುವಿನ ಉಸಿರಿಗೆ ಸರಿಯಾಗಿ ತಾನೂ ಉಸಿರಾಡುತ್ತಾ ನಿಂತದ್ದನ್ನು ನಾನು ನೋಡಿದೆ. ಮಂಚದ ಮೇಲಿಂದ ಅವಳೂ ನೋಡುತ್ತಿದ್ದಳು. ಆ ನೋಟದಲ್ಲಿ ಪ್ರೀತಿ ಇತ್ತು. ಇಷ್ಟು ಮಾಡಬಲ್ಲವರು ಅವತ್ತು ಯಾಕೆ ಬರಲಿಲ್ಲ ಎಂಬ ಪ್ರಶ್ನೆಯೂ ಇತ್ತು. ನನಗೆ ಆಗಲೇ ಹೇಳಿಬಿಡಬೇಕೆನಿಸಿತು. ಆದರೆ ಅವರು ನನ್ನನ್ನು ನಂಬಿ ಇಟ್ಟದ್ದು ಅದು. ನಮ್ಮ ಮನೆಯಲ್ಲಿ ಅಮಾನತು, ನಂಬಿ ಒಪ್ಪಿಸಿದ್ದು, ಎಂದರೆ ಚಿನ್ನಕ್ಕಿಂತ ಹೆಚ್ಚು ಎಂದು ಕಲಿತವಳು ನಾನು. ಬಾಯಿ ಮುಚ್ಚಿಕೊಂಡೆ.

ಅದಾಗಿ ಒಂದೆರಡು ವರ್ಷಕ್ಕೆ ಬಜ್ಪೆಯಲ್ಲಿ ಗಲ್ಫಿನಿಂದ ಬಂದ ವಿಮಾನ ಬಿದ್ದು ಸುಟ್ಟುಹೋದದ್ದು ಎಲ್ಲರಿಗೂ ಗೊತ್ತಿದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಗಲ್ಫಿನ ನಂಟಿರುವ ಮನೆಗಳಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಆಮೇಲೆ ವಿಮಾನಕ್ಕೆ ಹೆದರುತ್ತೇನೆ ಎಂದು ಹೇಳಿಕೊಳ್ಳುವುದು ನಮ್ಮ ಕಡೆ ಯಾರಿಗೂ ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ. ನಾನೇ ನಮ್ಮವರಿಗೆ ಕೆಲಸ ಬಿಟ್ಟು ಬನ್ನಿ ಎಂದು ಅತ್ತಿದ್ದೆ. ಈಗಲಾದರೂ ಅಣ್ಣ ಮಗಳ ಹತ್ತಿರ ಒಂದು ಮಾತು ಹೇಳಿಯಾರು ಎಂದು ಕಾದೆ. ಹೇಳಲಿಲ್ಲ. ಬದಲಿಗೆ ನಮ್ಮ ಜಗಲಿಗೆ ಬಂದು, ನಮ್ಮವರು ಹೊರಡುವ ಮುನ್ನ, ವಿಮಾನ ಎಷ್ಟು ಸುರಕ್ಷಿತ ಎಂದು ನನಗೆ ಒಂದು ಗಂಟೆ ವಿವರಿಸಿದರು. ಹೇಳುವಾಗ ಅವರ ದನಿಯಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೋದ ವರ್ಷ ಅಣ್ಣ ತೀರಿಕೊಂಡರು. ಬೆಳಿಗ್ಗೆ ಪೇಪರು ಓದುತ್ತಾ ಕೂತವರು ಹಾಗೆಯೇ ಹೋದರು. ಮಗಳು ಸಿಕ್ಕಿದ ಮೊದಲ ವಿಮಾನ ಹಿಡಿದು ಬಂದಳು.

ಹದಿಮೂರನೆಯ ದಿನದ ಉತ್ತರಕ್ರಿಯೆಗೆ, ಬೊಜ್ಜಕ್ಕೆ, ಕಾರವಾರದ ಕಡೆಯಿಂದ ಒಬ್ಬರು ಹಿರಿಯರು ಬಂದಿದ್ದರು. ಅಣ್ಣನ ಜೊತೆ ಅದೇ ಹೆಲಿಕಾಪ್ಟರುಗಳಲ್ಲಿ ಹಾರಿದವರು. ಊಟದ ಚಪ್ಪರದ ಬದಿಯಲ್ಲಿ ನಾವಿಬ್ಬರೇ ಕೂತಿದ್ದಾಗ, ನಿಮ್ಮ ಗೆಳೆಯರು ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ವಿಮಾನ ಹತ್ತಲಿಲ್ಲ, ಯಾಕೆ ಗೊತ್ತಾ ಎಂದು ಕೇಳಿದೆ. ಇಲ್ಲಿಗೆ ಬಂದ ಮೇಲೆ ಅಲ್ಲ, ಅದಕ್ಕಿಂತ ಹದಿನಾರು ವರ್ಷ ಮೊದಲಿನಿಂದಲೂ ಪ್ರಯಾಣಿಕನಾಗಿ ಅವನು ವಿಮಾನ ಹತ್ತಿಲ್ಲ ಎಂದರು ಅವರು. ಕೊಚ್ಚಿಯಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಎಲ್ಲರೂ ವಿಮಾನದಲ್ಲಿ ಹೋದರೆ ಅವನೊಬ್ಬ ಸಂಸಾರ ಕಟ್ಟಿಕೊಂಡು ರೈಲಿನಲ್ಲಿ ಬಂದ, ನಾವು ನಗಾಡಿದ್ದೆವು ಎಂದರು. ಆಮೇಲೆ ಉಳಿದದ್ದನ್ನು ಹೇಳಿದರು.

ಮಗಳಿಗೆ ಆಗ ನಾಲ್ಕು ವರ್ಷ. ಜ್ವರ ಬಂದು, ಅಪ್ಪ ಬೇಕೆಂದು ಹಟ ಹಿಡಿದಿದ್ದಳಂತೆ. ಅವತ್ತು ಅಣ್ಣನ ಹಾರಾಟದ ಸರದಿ. ಇನ್ನೊಬ್ಬ ಪೈಲಟನ ಜೊತೆ ಸರದಿ ಬದಲಿಸಿಕೊಂಡು ಅವರು ಮನೆಯಲ್ಲಿ ಉಳಿದರು. ಆ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಉಳಿದವರನ್ನು ಎತ್ತಿದರು. ಅಣ್ಣನ ಬದಲಿಗೆ ಹೋದ ಹುಡುಗ ಸಿಗಲೇ ಇಲ್ಲ. ಎರಡು ದಿನ ಹುಡುಕಿದವರಲ್ಲಿ ಅಣ್ಣನೂ ಇದ್ದರು. ನೀರಿನ ಮೇಲೆ ಅಷ್ಟು ಕೆಳಗೆ ಹಾರಿದ್ದರಂತೆ, ಕೂತಲ್ಲಿಗೇ ಉಪ್ಪು ನೀರು ಸಿಡಿಯುತ್ತಿತ್ತಂತೆ.

"ಮಗಳಿಗೆ ಇದು ಗೊತ್ತುಂಟಾ?" ಎಂದು ಕೇಳಿದೆ.

"ಯಾರು ಹೇಳ್ತಾರೆ? ಅಪಘಾತ ಹೆಂಡತಿಗೆ ಗೊತ್ತು. ಸರದಿ ಬದಲಿಸಿದ್ದು ಗೊತ್ತಿಲ್ಲ. ರಜೆ ಸಿಕ್ಕಿತು ಅಂತ ಮನೆಯಲ್ಲಿ ಹೇಳಿದ್ದ ಅವನು."

ಹಾಗಾದರೆ ಆಮೇಲೆ ಹಾರಲು ಹೆದರಿದರಾ ಎಂದೆ. ಅವರು ಅಲ್ಲ ಎಂದು ತಲೆಯಾಡಿಸಿದರು. ಮರುವಾರವೇ ಹಾರಿದ್ದರಂತೆ. ಆ ಮೇಲೆ ಎಷ್ಟೋ ಜನರನ್ನು ಸಮುದ್ರದಿಂದ ಎತ್ತಿ ತಂದರಂತೆ. ಕಡೆಯ ದಿನದವರೆಗೂ ಅವನಷ್ಟು ಧೈರ್ಯದ ಪೈಲಟನನ್ನು ನಾನು ನೋಡಿಲ್ಲ ಎಂದರು. ಮತ್ತೆ ಈ ಪ್ರಯಾಣಿಕನ ಸೀಟು ಯಾಕೆ ಎಂದು ಕೇಳಿದೆ. ಅದು ತನಗೂ ಅರ್ಥವಾಗಿಲ್ಲ ಎಂದು ಎಲೆಯಡಿಕೆ ಬಾಯಿಗಿಟ್ಟರು.

ಓಮ್ನಿಯಲ್ಲಿ ಅರ್ಧಕ್ಕೆ ನಿಂತ ಮಾತು ನನಗೆ ಆಗ ನೆನಪಾಯಿತು. ಅವಳಿಗೋಸ್ಕರ ಅಂತ ಒಂದು ಸಲ ನಾನು... ಒಂದು ಸಲ ಅವಳಿಗೋಸ್ಕರ ನಾನು ಸರದಿ ಬಿಟ್ಟೆ, ಒಬ್ಬ ಹೋದ ಎಂದು ಹೇಳಹೊರಟಿದ್ದರೇ? ಈ ಸಲ ಅವಳಿಗೋಸ್ಕರ ಹತ್ತಿದರೆ ಮತ್ತೆ ಏನೋ ಆದೀತು, ಆ ಮಗುವಿಗೇ ಆದೀತು ಎಂದು ಅಂಜಿದರೇ? ಇಷ್ಟು ಓದಿದ, ಗಾಳಿಯನ್ನು ಲೆಕ್ಕ ಹಾಕಿ ಬದುಕಿದ ಮನುಷ್ಯ ಹಾಗೆ ಯೋಚಿಸಿಯಾರೇ? ಅಥವಾ ಮಾತು ಬೇರೆಯೇ ಏನೋ ಇದ್ದು, ನಾನು ಈಗ ಕೇಳಿದ್ದಕ್ಕೆ ಅದನ್ನು ಹೊಂದಿಸುತ್ತಿದ್ದೇನೆಯೇ? ಅವರು ನಿಜವಾಗಿ ಅವಳಿಗೋಸ್ಕರ ಎಂದೇ ಹೇಳಿದ್ದರೇ ಎಂದು ತಮ್ಮನನ್ನು ಕೇಳಿದೆ. ಲಾರಿಯ ನೆನಪು ಉಂಟು, ಮಾತಿನ ನೆನಪಿಲ್ಲ ಎಂದ.

ಈ ವರ್ಷ ವರ್ಷಾಂತದ ಕ್ರಿಯೆಗೆ ಮಗಳು ಬಂದಳು. ಕ್ರಿಯೆಯ ಮರುದಿನ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಹದಿನೇಳು ಹದಿನೆಂಟು ವರ್ಷದಲ್ಲಿ ಅವಳು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೈಯಲ್ಲಿ ಅಣ್ಣ ಅವತ್ತು ಬಜ್ಪೆಗೆ ಒಯ್ದಿದ್ದ ಚೀಲವಿತ್ತು. ಅಕ್ಕನ ಜೊತೆ ಕಪಾಟು ತೆಗೆದು ಜೋಡಿಸುವಾಗ ಸಿಕ್ಕಿತಂತೆ. ಒಳಗೆ ಮೂರು ಪುಟ್ಟ ಅಂಗಿಗಳು. ತನ್ನ ಮಗನಿಗೆ ಹೊಲಿದದ್ದಿರಬೇಕೆಂದುಕೊಂಡಳಂತೆ, ಆದರೆ ಒಂದನ್ನೂ ಹಾಕಿದ ಗುರುತಿಲ್ಲ. ಚೀಲದ ಹೊರಗಿನ ಜೇಬಿನಿಂದ ಅವಳು ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಬೋರ್ಡಿಂಗ್ ಪಾಸ್. ಅಕ್ಷರಗಳು ಮಾಸಿದ್ದವು, ಆದರೆ ಊರಿನ ಹೆಸರು, ದಿನ, ಸೀಟಿನ ಸಂಖ್ಯೆ ಓದಬಹುದಿತ್ತು. ವಿಮಾನ ಏರುವಾಗ ಹರಿದುಕೊಳ್ಳುವ ತುಂಡು ಹರಿಯದೆ ಹಾಗೆಯೇ ಇತ್ತು.

"ಇದು ಎಂತದು ಟೀಚರ್?" ಎಂದಳು.

ಹೇಳಿದೆ. ಓಮ್ನಿಯ ದಾರಿ, ಬಾಗಿಲು, ಹಿಂತಿರುಗಿ ಬಂದದ್ದು, ಹೊಳೆಯ ಹತ್ತಿರ ಕೇಳಿಕೊಂಡದ್ದು, ನಾನು ಸೇರಿಸಿದ ಅಕ್ಷರದ ಸುಳ್ಳು, ಎಲ್ಲ ಹೇಳಿದೆ. ಪಣಂಬೂರಿಗೆ ಹಡಗು ಕೇಳಲು ಹೋದದ್ದನ್ನು ಹೇಳಿದಾಗ ಅವಳು, ಹಡಗಾ ಎಂದು ಕೇಳಿ ನಕ್ಕಳು. ನಗು ಮುಗಿಯುವ ಮೊದಲೇ ಅಳತೊಡಗಿದಳು. ಅಂಗಿಯೊಂದನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಕಾರವಾರದವರು ಹೇಳಿದ್ದನ್ನು ಹೇಳಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ನಾಲ್ಕು ವರ್ಷದ ಮಗುವಿನ ಜ್ವರಕ್ಕೆ ಒಂದು ಸಾವನ್ನು ಕಟ್ಟುವುದು ಸರಿಯೇ? ಆದರೆ ಮುಚ್ಚಿಟ್ಟು ಒಮ್ಮೆ ಏನಾಯಿತೆಂದು ನೋಡಿದ್ದೆನಲ್ಲ. ಅದನ್ನೂ ಹೇಳಿದೆ. ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಾಗಾದ್ರೆ ನನ್ನಿಂದಲಾ?"

"ಅಲ್ಲ ಮಗಾ. ಹಾಗೆ ಅಲ್ಲ" ಎಂದೆ. ಅವಳು ಅಂಗಿಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಸಿಟ್ಟಿಲ್ಲದ ದನಿಯಲ್ಲಿ, ಅಪ್ಪ ಇದ್ದಾಗ ನೀವು ಇದನ್ನು ಹೇಳಿದ್ದರೆ ನಾನು ಅವರ ಹತ್ತಿರ ಹೋಗಿ ಒಮ್ಮೆ ಕೂರುತ್ತಿದ್ದೆ ಎಂದಳು. ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದೆ ಅಷ್ಟೇ ಎಂದಳು.

ಅಮಾನತು ಕಾಪಾಡಿದೆ ಎಂದುಕೊಂಡಿದ್ದೆ. ಯಾರಿಂದ ಕಾಪಾಡಿದೆ, ಯಾರಿಗಾಗಿ ಕಾಪಾಡಿದೆ? ಅವರು ಇದ್ದಾಗ ಹೇಳಿದ್ದರೆ ಅವರ ನಂಬಿಕೆ ಮುರಿಯುತ್ತಿತ್ತು. ಹೇಳದೆ ಇದ್ದುದಕ್ಕೆ ಅವರ ಪಕ್ಕದಲ್ಲಿ ಮಗಳು ಕೂರಬಹುದಾಗಿದ್ದ ಅಷ್ಟೂ ಸಂಜೆಗಳು ಹೋದವು. ಈಗ ಹೇಳಿದ್ದರಿಂದ ಅವಳ ತಲೆಯ ಮೇಲೆ ಹೊಸ ಹೊರೆ ಇಟ್ಟೆನೇನೋ. ಮೂರರಲ್ಲಿ ಯಾವುದು ಕಡಿಮೆ ತಪ್ಪು ಎಂದು ಲೆಕ್ಕ ಹಾಕುತ್ತಾ ಕೂರುತ್ತೇನೆ, ಉತ್ತರ ದಿನಕ್ಕೊಂದು ಬರುತ್ತದೆ. ಅವತ್ತು ನಾವು ನಿಂತಿದ್ದ ಆ ಹಳೆಯ ವಿಮಾನ ನಿಲ್ದಾಣದ ಕಟ್ಟಡವನ್ನೂ ಈಗ ಬಳಸುವುದಿಲ್ಲ. ಎಲ್ಲರೂ ಗುಡ್ಡದ ಇನ್ನೊಂದು ಬದಿಯ ಹೊಸ ಕಟ್ಟಡದಿಂದ ಹೋಗುತ್ತಾರೆ.

ಮೊನ್ನೆ ಶುಕ್ರವಾರ ಮಸ್ಕತ್ತಿನಿಂದ ಅವಳು ಫೋನು ಮಾಡಿದಳು. ನನ್ನ ಆರೋಗ್ಯ ವಿಚಾರಿಸಿದಳು, ತಾಯಿಯ ಕಾಲುನೋವಿನ ಬಗ್ಗೆ ಕೇಳಿದಳು. ಇದನ್ನೆಲ್ಲ ಬರೆಯಬೇಕೆ ಬೇಡವೇ ಎಂದು ನಾನು ಕೇಳಿದ್ದಕ್ಕೆ, ಬರೆಯಿರಿ, ಆದರೆ ನೀವು ನೋಡಿದ್ದನ್ನು ಮಾತ್ರ ಬರೆಯಿರಿ ಎಂದಳು. ಆಮೇಲೆ ಇನ್ನೊಂದು ಕೇಳಿದಳು.

"ಅವತ್ತು ಅಪ್ಪ ಯಾವ ಅಂಗಿ ಹಾಕಿದ್ರು ಟೀಚರ್?"

ನೆನಪಿಲ್ಲ ಎಂದೆ. ನೆನಪು ಮಾಡಿ ನೋಡಿ, ಅವಸರ ಇಲ್ಲ, ಆಮೇಲೆ ಫೋನು ಮಾಡುತ್ತೇನೆ ಎಂದಳು.

ಅಂದಿನಿಂದ ನೆನಪು ಮಾಡುತ್ತಲೇ ಇದ್ದೇನೆ. ಬಿಳಿಯದಿರಬಹುದು, ಅವರು ಹೆಚ್ಚಾಗಿ ಬಿಳಿಯನ್ನೇ ಹಾಕುತ್ತಿದ್ದರು. ಅಲ್ಲ, ತೆಳು ನೀಲಿ ಗೆರೆಯದ್ದು ಒಂದಿತ್ತು... ಕಣ್ಣು ಮುಚ್ಚಿದರೆ ಆ ಬಾಗಿಲು ಕಾಣುತ್ತದೆ, ಮೊಣಕೈ ಹಿಡಿದ ಕೈ ಕಾಣುತ್ತದೆ, ಬಿಳಿಚಿದ ಮುಖ ಕಾಣುತ್ತದೆ. ಅಂಗಿ ಕಾಣುವುದಿಲ್ಲ. ಅವಳ ಅಪ್ಪನನ್ನು ಅಲ್ಲಿ ನೋಡಿದವರಲ್ಲಿ ಉಳಿದವರು ನಾನು ಮತ್ತು ನನ್ನ ತಮ್ಮ, ಇಬ್ಬರೇ. ಅವನಿಗೂ ನೆನಪಿಲ್ಲ.